ಕೆಲಸದಿಂದ ತೆಗೆಯುವ ಮುನ್ನ ನಾನು ಸಿದ್ಧಮಾಡಿಕೊಳ್ಳುವ ಕಡತ

ಹದಿನಾಲ್ಕು ಜನ ದುಡಿಯುವ ಅಂಗಡಿ ನಮ್ಮದು. ಯಾರನ್ನಾದರೂ ತೆಗೆಯಬೇಕಾದಾಗ ಮೊದಲು ನೋಡುವುದು ಇಷ್ಟೇ: ಅವರ ತಪ್ಪಿಗೆ ತೆಗೆಯುತ್ತಿದ್ದೇವೋ, ನಮ್ಮಲ್ಲಿ ಕೆಲಸವಿಲ್ಲವೆಂದೋ? ಎರಡಕ್ಕೂ ದಾರಿ ಬೇರೆ. ಕಳವಿನ ಅನುಮಾನ ಮನಸ್ಸಿನಲ್ಲಿಟ್ಟುಕೊಂಡು ಕಾಗದದಲ್ಲಿ 'ವ್ಯಾಪಾರ ಕಡಿಮೆ' ಎಂದು ಬರೆದು, ಮುಂದಿನ ತಿಂಗಳೇ ಅದೇ ಜಾಗಕ್ಕೆ ಹೊಸಬರನ್ನು ಸೇರಿಸಿಕೊಂಡರೆ ಕಾರ್ಮಿಕ ನ್ಯಾಯಾಲಯದಲ್ಲಿ ಬಾಯಿ ಬಿಡುವಂತಿಲ್ಲ.

ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಸೆಕ್ಷನ್ ಪ್ರಕಾರ, ಸತತ 6 ತಿಂಗಳು ಕೆಲಸ ಮಾಡಿದವರನ್ನು ತೆಗೆಯಲು ಸರಿಯಾದ ಕಾರಣವೂ ಬೇಕು, ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳವೂ ಬೇಕು. ದುರ್ನಡತೆ ವಿಚಾರಣೆಯಲ್ಲಿ ಸಾಬೀತಾದರೆ ಮಾತ್ರ ನೋಟಿಸ್ ಬೇಡ. 'ಸಿಸಿಟಿವಿಯಲ್ಲಿ ಕಾಣಿಸ್ತಲ್ಲ' ಎಂದು ವಿಚಾರಣೆ ಬಿಡುವವರೇ ಹೆಚ್ಚು.

ತಪ್ಪಿಗೆ ತೆಗೆಯುವುದಾದರೆ ಮೊದಲು ನೌಕರರಿಗೆ ಆರೋಪ ಪಟ್ಟಿ ಕೊಡುತ್ತೇನೆ. ಅದರಲ್ಲಿ 'ಆಗಾಗ ತಡವಾಗಿ ಬರುತ್ತಾರೆ' ಎಂದು ಬರೆಯುವುದಿಲ್ಲ. ಯಾವ ದಿನ, ಎಷ್ಟು ಗಂಟೆಗೆ ಬಂದರು ಎಂದು ಹಾಜರಿ ಪುಸ್ತಕ ನೋಡಿ ಬರೆಯುತ್ತೇನೆ. ಉತ್ತರಕ್ಕೆ 7 ದಿನ. ದೂರು ಕೊಟ್ಟವರೇ ವಿಚಾರಣೆ ನಡೆಸಿದರೆ ಇಡೀ ಕಡತ ಬಿದ್ದುಹೋಗುತ್ತದೆ, ಹಾಗಾಗಿ ಹೊರಗಿನ ವಕೀಲರೊಬ್ಬರನ್ನು ಕೂರಿಸುತ್ತೇನೆ. ನಮ್ಮ ಸಾಕ್ಷಿಗಳನ್ನು ಪಾಟೀ ಸವಾಲು ಮಾಡಲು ನೌಕರರಿಗೆ ಅವಕಾಶ ಕೊಡಲೇಬೇಕು. ಪ್ರತಿ ಪುಟಕ್ಕೂ ಅವರ ಸಹಿ. ಹಾಕಲ್ಲ ಅಂದರೆ ಹಾಗೆಂದೇ ಬರೆದು ಇಬ್ಬರ ಸಹಿ ಹಾಕಿಸುತ್ತೇನೆ. ವಿಚಾರಣಾ ವರದಿಯ ಪ್ರತಿ ಕೊಟ್ಟು, ಅದಕ್ಕೆ ಅವರ ಉತ್ತರ ಬಂದ ಮೇಲೇ ವಜಾ ಆದೇಶ. ಹಳೆಯ ಎಚ್ಚರಿಕೆ ಪತ್ರಗಳನ್ನು ಲೆಕ್ಕಕ್ಕೆ ಹಿಡಿಯುವುದಿದ್ದರೆ ಅದನ್ನೂ ಮೊದಲೇ ತಿಳಿಸಿರಬೇಕು.

ಹೇಳದೆ ಕೇಳದೆ ಕೆಲಸ ಬಿಟ್ಟವರ ವಿಷಯದಲ್ಲೇ ಹೆಚ್ಚು ಜನ ಎಡವುವುದು. ಹತ್ತು ದಿನ ಬರಲಿಲ್ಲವೆಂದು ಹಾಜರಿ ಪುಸ್ತಕದಿಂದ ಹೆಸರು ಹೊಡೆದರೆ ಅದೇ ರಿಟ್ರೆಂಚ್‌ಮೆಂಟ್, ಅಂದರೆ ಶಿಕ್ಷೆಯಾಗಿ ಅಲ್ಲದೆ ನಾವೇ ಕೆಲಸದಿಂದ ತೆಗೆದಂತೆ, ಆಗಿಬಿಡಬಹುದು. ಕೆಲಸಕ್ಕೆ ಬನ್ನಿ ಎಂದು ಸ್ಪೀಡ್ ಪೋಸ್ಟಿನಲ್ಲಿ ಎರಡು ಪತ್ರ ಕಳಿಸುತ್ತೇನೆ. ವಾಪಸ್ ಬಂದ ಲಕೋಟೆ ಒಡೆಯದೆ ಹಾಗೇ ಇಡುತ್ತೇನೆ, ಅದೇ ಸಾಕ್ಷಿ. ಆಮೇಲೆ ಅದೇ ವಿಚಾರಣೆ.

ಕೆಲಸವೇ ಇಲ್ಲದಿದ್ದರೆ, 12 ತಿಂಗಳಲ್ಲಿ 240 ದಿನ ದುಡಿದವರಿಗೆ ಕಾರಣ ಬರೆದ ಒಂದು ತಿಂಗಳ ನೋಟಿಸ್, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ. ಆಯಾ ಕೆಲಸದಲ್ಲಿ ಕೊನೆಗೆ ಸೇರಿದವರು ಮೊದಲು ಹೋಗುತ್ತಾರೆ. ಚೆಕ್ ಅದೇ ದಿನ ಕೈಗೆ. 'ಆಮೇಲೆ ಕೊಡ್ತೀವಿ' ಅಂದರೆ ತೆಗೆದದ್ದೇ ಅಸಿಂಧು. ಹೆರಿಗೆ ರಜೆಯಲ್ಲಿರುವವರ, ಇಎಸ್‌ಐ (ನೌಕರರ ರಾಜ್ಯ ವಿಮೆ) ಅನಾರೋಗ್ಯ ಭತ್ಯೆ ಪಡೆಯುತ್ತಿರುವವರ ತಂಟೆಗೆ ಹೋಗುವುದಿಲ್ಲ.

ವೇತನ ಸಂಹಿತೆಯಂತೆ ಬಾಕಿ ಸಂಬಳ 2 ಕೆಲಸದ ದಿನದೊಳಗೆ. 5 ವರ್ಷ ದಾಟಿದವರಿಗೆ 30 ದಿನದೊಳಗೆ ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಕೊಡುವ ಇಡಿಗಂಟು: ಲೆಕ್ಕಕ್ಕೆ ಹಿಡಿಯುವ ವೇತನ 13,000 ರೂಪಾಯಿ, ಸೇವೆ 6 ವರ್ಷವಾದರೆ, 26ರಿಂದ ಭಾಗಿಸಿ 15ರಿಂದ, ಮತ್ತೆ 6ರಿಂದ ಗುಣಿಸಿದರೆ 45,000.

ರಾಜೀನಾಮೆ ಬರೆಸಿಕೊಂಡರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ನಾವು ಟೈಪ್ ಮಾಡಿ, ಬಾಗಿಲು ಹಾಕಿ ಸಹಿ ಹಾಕಿಸಿದ್ದು ಒತ್ತಾಯದ್ದೆಂದು ತೋರಿಸುವುದು ಕಷ್ಟವಲ್ಲ. ತಾವಾಗಿ ಬಿಡುವವರು ತಮ್ಮ ಕೈಯಾರೆ ಬರೆದು, ಬೇಕಾದರೆ ಮನೆಗೆ ಹೋಗಿ ಯೋಚಿಸಿ ಮರುದಿನ ತರಲಿ. ಹಣ ಬ್ಯಾಂಕ್ ಖಾತೆಗೆ ಹಾಕಿದ ಮೇಲೆ ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಮತ್ತು ಕಾರಣ ತುಂಬುತ್ತೇನೆ. ಅಲ್ಲಿನ ಕಾರಣವೂ ಆದೇಶದಲ್ಲಿರುವ ಕಾರಣವೂ ಒಂದೇ ಆಗಿರಬೇಕು.