ಬೆಲೆಪುಸ್ತಕ ಮುಚ್ಚಿಟ್ಟು ಹಳೆ ಮಾಡೆಲ್ ರೈಲಿಗೆ ಬೆಲೆ ಕಟ್ಟಿದೆ

ಕಳೆದ ವರ್ಷ ಒಬ್ಬರ ಸಂಗ್ರಹ ಹರಾಜಿಗೆ ಬಂತು. ಹತ್ತಿರ ಹತ್ತಿರ 40 ವಸ್ತು. ಹೆಚ್ಚಿನವು ಬ್ರಿಟನ್ನಿನ ಹಾರ್ನ್‌ಬಿ ಡಬ್ಲೊ ಆಟಿಕೆ ರೈಲುಗಳು, ಜೊತೆಗೆ ಒಂದಿಷ್ಟು ಅಮೆರಿಕದ ಲಯನೆಲ್. ಒಂದೊಂದಕ್ಕೂ ನನ್ನ ಬೆಲೆ ಬರೆದು, ಲಕೋಟೆ ಅಂಟಿಸಿ, ನನ್ನ ಲೆಕ್ಕವನ್ನು ನಂಬದ ಗೆಳೆಯನ ಕೈಗೇ ಕೊಟ್ಟೆ. ಹರಾಜು ಮುಗಿದ ಮೇಲೆ ಒಡೆದು ನೋಡಿದರೆ 33ಕ್ಕೋ 34ಕ್ಕೋ ನನ್ನ ಅಂದಾಜು ನೂರಕ್ಕೆ 10ರ ಆಚೀಚೆಯೊಳಗೇ ಇತ್ತು. ಬೆಲೆಪುಸ್ತಕವಿಲ್ಲದೆ ಇದು ಆಗುವ ಮಾತಲ್ಲ ಎನ್ನುತ್ತಿದ್ದವನು ಈಗ ಏನೇ ಕೊಳ್ಳುವುದಿದ್ದರೂ ಮೊದಲು ನನ್ನನ್ನು ಕೇಳುತ್ತಾನೆ.

ಈ ಹಂತಕ್ಕೆ ಬರುವ ಮೊದಲು ಕಳೆದುಕೊಂಡಿದ್ದು ಕಡಿಮೆಯಲ್ಲ. ಮೊದಲನೇ ಪೆಟ್ಟು ಎರಡನೇ ಮಹಾಯುದ್ಧಕ್ಕೆ ಮುಂಚಿನ ಒಂದು ಎಂಜಿನ್‌ನಿಂದ. ಬಣ್ಣ ಥಳಥಳ, ಅದನ್ನಿಟ್ಟು ಮಾರಿದ್ದ ಮೂಲ ಡಬ್ಬವೂ ಇತ್ತು. ಸುಮಾರು ಒಂದು ತಿಂಗಳ ಸಂಬಳ ಸುರಿದೆ. ಎರಡು ವರ್ಷದಲ್ಲಿ ಚಕ್ರಗಳು ಬಿರುಕು ಬಿಟ್ಟು ಪುಡಿಯಾದವು. ಸತುವಿನ ಎರಕಕ್ಕೆ ಸೀಸ ಬೆರೆತರೆ ಹಾಗೇ ಆಗುವುದು, ಗೊತ್ತಿದ್ದೂ ಬಣ್ಣಕ್ಕೆ ಮರುಳಾಗಿದ್ದೆ. ಈಗ ದಪ್ಪ ಅಳೆಯುವ ಕ್ಯಾಲಿಪರ್ ಇಲ್ಲದೆ ಆ ಕಾಲದ ಎರಕ ಮುಟ್ಟುವುದಿಲ್ಲ. ರೋಗ ಹಿಡಿದ ಎರಕ ಬಿರಿಯುವ ಮುಂಚೆ ಉಬ್ಬುತ್ತದೆ. ಗಟ್ಟಿ ಇರುವ ಇನ್ನೊಂದರ ಅಳತೆ ಕೈಯಲ್ಲಿದ್ದರೆ ಕಣ್ಣಿಗೆ ಕಾಣದ್ದೂ ಸಿಕ್ಕಿಬೀಳುತ್ತದೆ.

ಎರಡನೆಯದು ಗುಲಾಬಿ ಬಣ್ಣದ ಲಯನೆಲ್ ವ್ಯಾಗನ್. 1957ರಲ್ಲಿ ಹುಡುಗಿಯರಿಗೆಂದು ತಂದ ಆ ರೈಲು ಆಗ ಸರಿಯಾಗಿ ಮಾರಾಟವಾಗಲಿಲ್ಲ. ಅದಕ್ಕೇ ಇಂದು ಅಪರೂಪ, ಅದಕ್ಕೇ ಅಷ್ಟು ನಕಲಿ ಬಣ್ಣ. ನನ್ನದರ ಸ್ಕ್ರೂ ಬಿಚ್ಚಿದಾಗ ತೂತಿನ ಅಂಚಿನಲ್ಲಿ ಬೇರೆ ಬಣ್ಣ ಇಣುಕಿತು. ಕೊಟ್ಟಿದ್ದರಲ್ಲಿ ಐದನೇ ಒಂದು ಪಾಲೂ ವಾಪಸ್ ಬರಲಿಲ್ಲ.

ಆಮೇಲೆ ಶುರುವಾಗಿದ್ದು ನೋಟ್‌ಬುಕ್. ಮಾರುವವರು ಕೇಳುವ ಬೆಲೆಯನ್ನು ಅದರಲ್ಲಿ ಬರೆಯುವುದೇ ಇಲ್ಲ, ನಿಜವಾಗಿ ಕೈ ಬದಲಾಯಿಸಿದ ಹಣ ಮಾತ್ರ. ಹರಾಜಿನ ಕೂಗಿನ ಮೇಲೆ ಕೊಳ್ಳುವವನು ಕಟ್ಟುವ ಕಮಿಷನ್ನೂ ಸೇರಬೇಕು. ಮೊದಲ ಆರು ತಿಂಗಳು ಅದನ್ನು ಮರೆತು ಎಲ್ಲವನ್ನೂ ಕಡಿಮೆ ಹಿಡಿದಿದ್ದೆ. ಒಂದೇ ಮಾದರಿಯ ಏಳೆಂಟು ಮಾರಾಟ ಸಿಗುವವರೆಗೆ ಬೆಲೆ ಹೇಳುವುದಿಲ್ಲ. ಇಬ್ಬರು ಹಟಕ್ಕೆ ಬಿದ್ದು ಏರಿಸಿದ ಮೇಲಿನ ಒಂದನ್ನು ಹೊಡೆದು ಹಾಕುತ್ತೇನೆ. ಡಬ್ಬಕ್ಕೆ ಬೇರೆಯೇ ಕಾಲಂ: ಡಬ್ಬವಿದ್ದದ್ದು, ಇಲ್ಲದ್ದು, ಇವೆರಡರ ನಡುವಿನ ಅಂತರವೇ ಡಬ್ಬದ ಬೆಲೆ. ಸಾಮಾನ್ಯ ವ್ಯಾಗನ್‌ಗಳಲ್ಲಿ ಡಬ್ಬವೇ ಅರ್ಧಕ್ಕಿಂತ ಹೆಚ್ಚು ತೂಗಿದ್ದುಂಟು. ಬೇರೆ ಅವಧಿಯ ಡಬ್ಬ ಜೋಡಿಸಿದ್ದರೆ ಎಷ್ಟು ಕಳೆಯುತ್ತೇನೆ ಎಂಬುದು ನನ್ನಲ್ಲೇ ಇರಲಿ, ಅದಕ್ಕೆ ಮೂರು ವರ್ಷ ತೆತ್ತಿದ್ದೇನೆ.

ಹಳೆಯದಾದಷ್ಟೂ ದುಬಾರಿ ಎಂಬ ನಂಬಿಕೆಯನ್ನೂ ನೋಟ್‌ಬುಕ್ಕೇ ಬಿಡಿಸಿತು. ಡಬ್ಲೊದಲ್ಲಿ 1950ರ ದಶಕದ ಮೂರು ಹಳಿಯ ಎಂಜಿನ್‌ಗಳು ಹೇರಳ. 1959ರಲ್ಲಿ ಎರಡು ಹಳಿ ಬಂತು, 1964ರಲ್ಲಿ ಕಂಪನಿ ಎದುರಾಳಿ ಆಟಿಕೆ ಬ್ರಾಂಡ್ ಟ್ರೈಆಂಗ್ ಪಾಲಾಯಿತು. ಆ ಕೊನೆಯ ವರ್ಷಗಳ ಕೆಲವು ಎಂಜಿನ್‌ಗಳು ನನ್ನ ಲೆಕ್ಕದಲ್ಲಿ ಹಳೆಯವುಗಳ ಮೂರು ನಾಲ್ಕು ಪಟ್ಟಿಗೆ ಹೋಗಿವೆ.

ನಡುವೆ ಒಂದೆರಡು ಪ್ರಯೋಗವನ್ನೂ ಮಾಡಿದೆ. ಶಕ್ತಿ ಕುಂದಿದ ಮ್ಯಾಗ್ನೆಟ್‌ಗಳಿಗೆ ಮತ್ತೆ ಕಾಂತತ್ವ ತುಂಬಿಸಿದೆ. ಎಂಜಿನ್ ಹುಮ್ಮಸ್ಸಿನಿಂದ ಓಡಿತು, ಬೆಲೆ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ನೇರಳಾತೀತ ಬೆಳಕು ಬೀರುವ ಯುವಿ ಟಾರ್ಚ್ ಒಳ್ಳೆಯ ಫಲ ಕೊಟ್ಟಿತು. ಹೊಸದಾಗಿ ಅಚ್ಚು ಹಾಕಿದ ನಕಲಿ ಡಬ್ಬದ ಕಾಗದ ಅದರ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ, ಯುದ್ಧಕ್ಕೆ ಮುಂಚಿನ ಕಾಗದ ಮಂಕಾಗಿಯೇ ಇರುತ್ತದೆ. ಆದರೆ ಹೊಳಪು ಕೊಡುವ ರಾಸಾಯನಿಕ 1950ರ ದಶಕದಲ್ಲೇ ಕಾಗದಕ್ಕೆ ಸೇರತೊಡಗಿತ್ತು. ಅದನ್ನು ಲೆಕ್ಕಿಸದೆ, 1960ರ ದಶಕದ ಒಂದು ಅಸಲಿ ಡಬ್ಬವನ್ನು ನಕಲಿ ಎಂದು ಕೈಬಿಟ್ಟೆ. ಕೊಂಡವರು ಮುಂದೆ ಅದನ್ನು ದುಪ್ಪಟ್ಟಿಗೆ ಮಾರಿದರು.

ಲಕೋಟೆಯಲ್ಲಿ ತಪ್ಪಿದ ಆರೇಳು ಯಾವುವು ಎಂದು ನೋಡಿದೆ. ಎರಡು ಬಿಟ್ಟರೆ ಉಳಿದವೆಲ್ಲ ಹಳಿ, ಬೋಗಿ, ಸಿಗ್ನಲ್ ಒಟ್ಟಿಗೆ ಸುರಿದ ರಾಶಿಗಳು. ಬಿಡಿಬಿಡಿಯಾಗಿ ಬೆಲೆ ಕೂಡಿಸಿದರೆ ರಾಶಿಯ ಬೆಲೆ ಸಿಗುವುದಿಲ್ಲ. ಈ ವರ್ಷ ರಾಶಿಗಳಿಗೆಂದೇ ಇನ್ನೊಂದು ನೋಟ್‌ಬುಕ್ ತೆರೆದಿದ್ದೇನೆ, ಈವರೆಗೆ ಅದರಲ್ಲಿ 19 ಮಾರಾಟ ದಾಖಲಾಗಿವೆ.