ಎರಡು ದಿನದ ಮದುವೆಯಲ್ಲಿ ಮದುಮಗಳ ಪಕ್ಕದ ಜಾಗ ನಿಮ್ಮದಾದರೆ

ಕಾಕಾನ ಮಗಳ ಮದುವೆ ಗೊತ್ತಾಗಿದೆ. ಶನಿವಾರ ಅರಿಶಿನ, ರವಿವಾರ ಅಕ್ಕಿಕಾಳು (ಅಕ್ಷತೆ ಬೀಳುವ ಮುಹೂರ್ತ), ಕಲಬುರಗಿಯ ಒಂದು ಫಂಕ್ಷನ್ ಹಾಲ್‌ನಲ್ಲಿ. ಕಾಕಿ ಫೋನ್ ಮಾಡಿ, "ನೀ ಎರಡೂ ದಿನ ಆಕಿ ಜೋಡಿನೇ ಇರ್ಬೇಕು ನೋಡವ್ವಾ, ಬ್ಯಾರೆ ಕೆಲ್ಸ ನಿನಗ ಹೇಳಂಗಿಲ್ಲ" ಅಂದಿದ್ದಾರೆ. ಕೇಳಲು ಸುಲಭ. ಆದರೆ ಇದು ಮದುವೆಮನೆಯ ದೊಡ್ಡ ಜವಾಬ್ದಾರಿಗಳಲ್ಲಿ ಒಂದು. ಮನೆಯವರೆಲ್ಲ ಅಡುಗೆ, ಬೀಗರು, ಲೆಕ್ಕ ಅಂತ ಓಡಾಡುತ್ತಿರುವಾಗ ಆ ಹುಡುಗಿಯನ್ನು ನೋಡುವವರು ನೀವೊಬ್ಬರೇ ಆಗಿರುತ್ತೀರಿ.

ನನಗೆ ಇದು ಗೊತ್ತಾಗಿದ್ದು ಒಂದು ತಪ್ಪಿನಿಂದ. ಚಿಗವ್ವನ ಮಗಳ ಮದುವೆ, ಮೇ ತಿಂಗಳು. ಸುರಗಿ ಸ್ನಾನಕ್ಕೆ ಅಂತ ಬೆಳಿಗ್ಗೆ 5ಕ್ಕೆ ಎದ್ದವಳು ಅರ್ಧ ಕಪ್ ಚಹಾ ಬಿಟ್ಟು ಏನೂ ತಿಂದಿರಲಿಲ್ಲ, ಮೇಲೆ ಭಾರವಾದ ರೇಷ್ಮೆ ಸೀರೆ, ತಲೆಗೆ ಬಾಸಿಂಗ, ಮುಖದ ಮೇಲೆ ವಿಡಿಯೋದವರ ದೊಡ್ಡ ಲೈಟು. ಮಧ್ಯಾಹ್ನ 12 ದಾಟಿತ್ತು. "ಅಕ್ಕಾ, ಕಣ್ಣಿಗಿ ಕತ್ತಲಿ ಬರ್ಲತ್ತದ" ಅಂತ ಅವಳು ಹೇಳುವ ಹೊತ್ತಿಗೆ ನಾನು ವೇದಿಕೆಯ ಆ ಕಡೆ ಫೋಟೊಗೆ ತಂಗಿಯರನ್ನು ಸಾಲಾಗಿ ನಿಲ್ಲಿಸುತ್ತಿದ್ದೆ. ಕುರ್ಚಿ ತಂದು ಕೂರಿಸಿ, ಗಾಳಿ ಹಾಕಿ, ಸಕ್ಕರೆ-ಉಪ್ಪಿನ ನೀರು ಕುಡಿಸಿದೆವು. ಹತ್ತು ನಿಮಿಷಕ್ಕೆ ಸುಧಾರಿಸಿಕೊಂಡಳು. ಆದರೆ ಆ ಹತ್ತು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ. ಆಮೇಲೆ ಮೂರು ಮದುವೆಗಳಲ್ಲಿ ಇದೇ ಕೆಲಸ ಮಾಡಿದ್ದೇನೆ, ಹಾಗಾಗಿ ಕಲಿತಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಟಿಕೆಟ್, ಆಮೇಲೆ ಸೀರೆ

ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವವರು ದಿನಾಂಕ ಗೊತ್ತಾದ ಕೂಡಲೇ ರೈಲು ನೋಡಿ. 2024ರ ನವೆಂಬರ್‌ನಿಂದ ರಿಸರ್ವೇಶನ್ 120 ದಿನದ ಬದಲು 60 ದಿನ ಮುಂಚೆ ಮಾತ್ರ ತೆರೆಯುತ್ತದೆ, ಮದುವೆ ಸೀಸನ್‌ನಲ್ಲಿ ಸೀಟು ಬೇಗ ಮುಗಿಯುತ್ತವೆ. ಬಸವ ಜಯಂತಿ, ಅಕ್ಷಯ ತೃತೀಯದ ಆಸುಪಾಸಿನ ಮದುವೆಯಾದರೆ ಕೇಳಲೇಬೇಡಿ, ನಮ್ಮ ಕಡೆ ಅವತ್ತು ಊರೂರಿಗೆ ಮದುವೆ. ಶುಕ್ರವಾರ ಸಂಜೆಯೇ ಮನೆ ಸೇರುವ ಹಾಗೆ ಬನ್ನಿ. ಶನಿವಾರ ಬೆಳಿಗ್ಗೆ ಇಳಿದು ನೇರ ಅರಿಶಿನಕ್ಕೆ ಹೋದರೆ ನೀವೂ ಸುಸ್ತು, ಏನು ಎಲ್ಲಿದೆ ಅನ್ನೋದೂ ಗೊತ್ತಿರುವುದಿಲ್ಲ.

ಮನೆಯ ಪದ್ಧತಿ ಕೇಳಿ ಬರೆದಿಟ್ಟುಕೊಳ್ಳಿ

ಒಂದು ಮನೆಯ ಕ್ರಮ ಇನ್ನೊಂದು ಮನೆಗೆ ಇರುವುದಿಲ್ಲ. ಹಂದರ, ಹಾಲಗಂಬ, ಐರಾಣಿ ಗಡಿಗೆ ತರುವುದು, ಬಳೆ ತೊಡಿಸುವುದು, ಅರಿಶಿನ, ಸುರಗಿ, ಅಕ್ಕಿಕಾಳು, ಉಡಿ ತುಂಬುವುದು, ಇವುಗಳಲ್ಲಿ ಯಾವುದು ಯಾವಾಗ, ಯಾವುದಕ್ಕೆ ಯಾರು ಬೇಕು ಅಂತ ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ. ಆಯಿ (ಅಜ್ಜಿ) ಇದ್ದರೆ ಅವರ ಹತ್ತಿರವೇ ಕೂತು ಕೇಳಿ, ಅವರಿಗೂ ಖುಷಿಯಾಗುತ್ತದೆ. ಕಳಸ ಹಿಡಿದು ನಿಲ್ಲುವ ಕಳಸಗಿತ್ತಿ ಯಾರು ಅನ್ನೋದು ಮುಂಚೆಯೇ ಗೊತ್ತಿರಲಿ. ನಿಮ್ಮನ್ನೇ ಕಳಸಗಿತ್ತಿ ಮಾಡಿದರೆ ಎರಡೂ ಕೈ ಕಳಸಕ್ಕೇ ಹೋಗುತ್ತವೆ, ಸೆರಗು ಜಾರಿದರೆ ಸರಿಮಾಡಲು ಆಗುವುದಿಲ್ಲ, ನೀರು ಕೊಡಲೂ ಆಗುವುದಿಲ್ಲ. ಅಷ್ಟು ಹೊತ್ತು ಮದುಮಗಳ ಹಿಂದೆ ಇನ್ನೊಬ್ಬ ತಂಗಿಯನ್ನು ನಿಲ್ಲಿಸಿ.

ಒಂದು ಚಿಕ್ಕ ಬ್ಯಾಗು, ಅದು ನಿಮ್ಮ ಹೆಗಲ ಮೇಲೇ

ಸೇಫ್ಟಿ ಪಿನ್ನು ಎರಡು ಸೈಜಿನವು, ತಲೆಪಿನ್ನು, ಸೂಜಿ-ದಾರ, ಸಣ್ಣ ಕತ್ತರಿ, ಕರವಸ್ತ್ರ ನಾಲ್ಕು, ಸ್ಯಾನಿಟರಿ ಪ್ಯಾಡ್, ತಲೆನೋವಿನ ಮಾತ್ರೆ, ಅವಳು ದಿನಾ ತಗೊಳ್ಳುವ ಔಷಧ ಇದ್ದರೆ ಅದು. ಸ್ಟ್ರಾ ಒಂದು ಕಟ್ಟು ಇಟ್ಟುಕೊಳ್ಳಿ, ಲಿಪ್‌ಸ್ಟಿಕ್ ಹಚ್ಚಿದ ಮೇಲೆ ಮದುಮಗಳು ಲೋಟದಲ್ಲಿ ನೀರು ಕುಡಿಯಲು ಒಪ್ಪುವುದೇ ಇಲ್ಲ. ಓಆರ್‌ಎಸ್ ಪೊಟ್ಟಣ ನಾಲ್ಕು ಇರಲಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಅದು ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಚಿಕ್ಕ ಚಮಚ ಸಕ್ಕರೆ, ಅದೇ ಚಿಕ್ಕ ಚಮಚದಲ್ಲಿ ಅರ್ಧ ಚಮಚ ಉಪ್ಪು. ಏಪ್ರಿಲ್-ಮೇನಲ್ಲಿ ನಮ್ಮೂರ ಬಿಸಿಲು 40 ಡಿಗ್ರಿ ದಾಟುತ್ತದೆ ಅಲ್ವಾ, ಒಳಗೆ ಕೂಲರ್ ಇದ್ದರೂ ವೇದಿಕೆಯ ಮೇಲೆ ಲೈಟಿನ ಕಾವು ಬೇರೆ. ಮದುಮಗಳ ಫೋನು, ಚಾರ್ಜರ್ ಕೂಡ ಇದೇ ಬ್ಯಾಗಿನಲ್ಲಿ. ಬ್ಯಾಗನ್ನು ರೂಮಿನಲ್ಲಿ ಬಿಟ್ಟು ಬರಬೇಡಿ, ಬೇಕಾದಾಗ ಆ ರೂಮಿನ ಕೀಲಿ ಯಾರ ಹತ್ತಿರ ಇದೆ ಅಂತ ಹುಡುಕುವುದೇ ಕೆಲಸವಾಗುತ್ತದೆ.

ಶನಿವಾರ

ಅರಿಶಿನಕ್ಕೆ ಮುಂಚೆ ಅವಳ ಓಲೆ, ಸರ, ಉಂಗುರ ಬಿಚ್ಚಿಸಿ, ಎಣಿಸಿ, ಒಂದು ಡಬ್ಬಿಯಲ್ಲಿ ಹಾಕಿ ಕಾಕಿಯ ಕೈಗೇ ಕೊಡಿ. ನಡುವೆ ಯಾರ ಕೈಗೂ ಬೇಡ. ಹಚ್ಚುವ ಅರಿಶಿನ ಮನೆಯದೋ ಅಂಗಡಿಯದೋ ನೋಡಿ, ಬಣ್ಣ ಹಾಕಿದ ಪುಡಿಯಾದರೆ ಕೆಲವರ ಚರ್ಮಕ್ಕೆ ಉರಿ ಬರುತ್ತದೆ, ಹಿಂದಿನ ದಿನ ಮೊಳಕೈ ಒಳಗೆ ಸ್ವಲ್ಪ ಹಚ್ಚಿ ನೋಡಿದರೆ ಒಳ್ಳೆಯದು.

ಸುರಗಿ ಕೆಲವರಲ್ಲಿ ಶನಿವಾರ, ಕೆಲವರಲ್ಲಿ ಮದುವೆ ದಿನ ಬೆಳಿಗ್ಗೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಕೂರಿಸಿ ಎಣ್ಣೆ-ಅರಿಶಿನ ಹಚ್ಚಿ ನೀರು ಹಾಕುತ್ತಾರೆ. ನೋಡಲು ಎಷ್ಟು ಚೆಂದವೋ ಆ ನೆಲ ಅಷ್ಟೇ ಜಾರುತ್ತದೆ. ಏಳುವಾಗ ಕೈ ಹಿಡಿಯಿರಿ, ಕಾಲಿಗೆ ಒಂದು ಹಳೆಯ ಗೋಣಿಚೀಲ ಹಾಸಿ, ಒಣ ಟವೆಲ್ ನಿಮ್ಮ ಹೆಗಲ ಮೇಲೆ ಇರಲಿ. ಒದ್ದೆ ಸೀರೆಯಲ್ಲಿ ನಿಂತ ಹುಡುಗಿಯ ಸುತ್ತ ಮೊಬೈಲ್ ಹಿಡಿದು ವಿಡಿಯೋ ಮಾಡುವವರಿಗೆ "ಸಾಕ್ರಿ, ಆಮ್ಯಾಲ ಮಾಡೀರಂತ" ಅಂತ ಹೇಳುವ ಹಕ್ಕು ನಿಮಗಿದೆ. ಅವಳು ಬಾಯಿಬಿಟ್ಟು ಹೇಳಲಾರಳು, ಅವಳ ಪರವಾಗಿ ನೀವು ಹೇಳಿ.

ರಾತ್ರಿ ಬರಾತ್‌ನಲ್ಲಿ ಕುಣಿಯಿರಿ, ಯಾರು ಬೇಡ ಅಂದರು. ಆದರೆ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, ಆ ಹೊತ್ತಿಗೆ ಅವಳನ್ನು ಮಲಗಲು ಕಳಿಸಿ. ಮೆಹಂದಿ ಒಣಗಲಿ ಅಂತ 1 ಗಂಟೆಯವರೆಗೆ ಕೂರಿಸುವುದು ಬೇಡ. ಅದನ್ನು ಶುಕ್ರವಾರವೇ ಮುಗಿಸಿಬಿಡಿ.

ರವಿವಾರ

ಸೀರೆ ಉಡಿಸುವ ಮುಂಚೆ ಎರಡು ಕೆಲಸ. ಊಟ ಮಾಡಿಸುವುದು, ಬಾತ್‌ರೂಮಿಗೆ ಕಳಿಸುವುದು. ಉಟ್ಟ ಮೇಲೆ ಎರಡೂ ಕಷ್ಟ. ಅಕ್ಕಿಕಾಳು ಬೀಳುವವರೆಗೆ ಉಪವಾಸ ಇರುವ ಪದ್ಧತಿ ಮನೆಯಲ್ಲಿದ್ದರೆ ಹಾಲು, ಬಾಳೆಹಣ್ಣು, ಖರ್ಜೂರ ನಡೆಯುತ್ತದಾ ಅಂತ ಹಿರಿಯರನ್ನು ಕೇಳಿ, ನಾನು ಕೇಳಿದ ಕಡೆಯೆಲ್ಲ ನಡೆಯುತ್ತದೆ ಅಂತಲೇ ಹೇಳಿದ್ದಾರೆ. ಉಪವಾಸ ಇಲ್ಲದಿದ್ದರೆ ಎರಡು ತಟ್ಟೆ ಸುಸಲಾ ತರಿಸಿ ನೀವೂ ಜೊತೆಗೆ ಕೂತು ತಿನ್ನಿ. ಒಬ್ಬಳೇ ತಿನ್ನು ಅಂದರೆ ಎರಡು ತುತ್ತಿಗೆ ನಿಲ್ಲಿಸುತ್ತಾಳೆ.

ವೇದಿಕೆಯಲ್ಲಿ ಅವಳ ಎಡ ಹಿಂಭಾಗದಲ್ಲಿ ನಿಲ್ಲಿ. ಬಾಸಿಂಗದ ದಾರ ಬಿಗಿಯಾಗಿ ಹಣೆ ನೋಯುತ್ತಿದೆಯಾ ಕೇಳಿ. ಅಕ್ಕಿಯೋ ಜೋಳವೋ, ಅಕ್ಷತೆ ಯಾವುದಾದರೂ ದೂರದಿಂದ ಬೀಸಿ ಒಗೆದರೆ ಕಣ್ಣಿಗೆ ಬೀಳುತ್ತದೆ, ಮುಂದಿನ ಸಾಲಿನ ಹುಡುಗರಿಗೆ ಮೊದಲೇ ಹೇಳಿಡಿ. ಅರ್ಧ ಗಂಟೆಗೊಮ್ಮೆ ನೀರು. ಬೀಗರು ಮಾತಾಡಿಸುತ್ತಿದ್ದಾರೆ ಅಂತ ನೀರು ತಪ್ಪಿಸಬೇಡಿ, ಅವರೂ ಮನೆಯ ಮಗಳಿಗೆ ನೀರು ಕೊಡಬೇಡ ಅನ್ನುವವರಲ್ಲ. ಫೋಟೊಗೆ ಸಾಲು ನಿಂತವರು ನೂರು ಜನ ಇರಬಹುದು, ಇಪ್ಪತ್ತು ಮಂದಿ ಆದ ಮೇಲೆ ಅವಳನ್ನು ಐದು ನಿಮಿಷ ಕೂರಿಸಿ. ಕೊನೆಯ ಪಂಕ್ತಿಗೆ ಹುಗ್ಗಿ, ಎಣ್ಣೆಗಾಯಿ ಉಳಿಯುವುದಿಲ್ಲ. ಮದುಮಕ್ಕಳ ಊಟ ಮೊದಲೇ ತೆಗೆದಿಡಲು ಅಡುಗೆಯವರಿಗೆ ನೀವೇ ಹೋಗಿ ಹೇಳಿ ಬನ್ನಿ.

ಆಹೇರು

ಆಹೇರು ಅಂದರೆ ಮದುವೆಗೆ ಬಂದವರು ಕೊಡುವ ಹಣ, ಉಡುಗೊರೆ. ಇದನ್ನು ಬರೆಯಲು ಇಬ್ಬರು ಬೇಕು, ಒಬ್ಬರು ಹಣ ತಗೊಳ್ಳಲು, ಒಬ್ಬರು ಬರೆಯಲು. ಹೆಸರು, ಊರು, ಎಷ್ಟು ರೂಪಾಯಿ ಅಥವಾ ಏನು ವಸ್ತು. ಅದೇ ಹೆಸರಿನವರು ನಾಲ್ಕು ಜನ ಇರುತ್ತಾರೆ, ಊರು ಬರೆಯದಿದ್ದರೆ ಮುಂದೆ ಅವರ ಮನೆಯ ಮದುವೆಗೆ ತಿರುಗಿ ಮಾಡುವಾಗ ಗೊಂದಲ.

ಮದುಮಗಳಿಗೆ ಅಂತಲೇ ಬಂದದ್ದನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಚಿನ್ನ, ಬೆಳ್ಳಿ, ಸೀರೆ, ಬೀದರಿನವರು ತಂದ ಬಿದ್ರಿ ಹೂದಾನಿ, ಎಲ್ಲವೂ. ಸುಮ್ನೆ ಹೇಳುತ್ತಿಲ್ಲ, ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮವೇ ಇದನ್ನು ಹೇಳುತ್ತದೆ. ಉಡುಗೊರೆಯ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ಏನಾಗಬೇಕು ಅನ್ನೋದನ್ನು ಬರೆದು ಮದುಮಗ, ಮದುಮಗಳು ಇಬ್ಬರೂ ಸಹಿ ಮಾಡಬೇಕು. ಮದುಮಗಳ ಪಟ್ಟಿ ಮದುಮಗಳ ಹತ್ತಿರವೇ ಇರಬೇಕು. ನಮ್ಮ ಮನೆಗಳಲ್ಲಿ ಇದನ್ನು ಮಾಡುವವರು ಕಡಿಮೆ. ಅಪನಂಬಿಕೆ ಅಂದುಕೊಳ್ಳುತ್ತಾರೇನೋ ಅನ್ನುವ ಸಂಕೋಚ. ಎರಡೂ ಕಡೆಯ ಹಿರಿಯರಿಗೆ ನಿಶ್ಚಯದ ದಿನವೇ ತಿಳಿಸಿದರೆ ಯಾರೂ ಬೇಜಾರಾಗುವುದಿಲ್ಲ. ನಾವು ಹೋದ ವರ್ಷ ಮಾಡಿದೆವು, ಬೀಗರೇ ಪೆನ್ನು ಕೊಟ್ಟರು.

ಕಳಿಸಿಕೊಡುವಾಗ

ಉಡಿ ತುಂಬಿ, ಎಲ್ಲರೂ ಅಳುವ ಹೊತ್ತಿಗೆ ನಿಮಗೂ ಅಳು ಬರುತ್ತದೆ, ಬರಲಿ. ಅದಕ್ಕೇ ಅವಳ ಕೈಬ್ಯಾಗನ್ನು ಒಂದು ಗಂಟೆ ಮುಂಚೆ ಸಿದ್ಧ ಮಾಡಿಡಿ. ಎರಡು ದಿನದ ಬಟ್ಟೆ, ಒಳಉಡುಪು, ಔಷಧ, ಫೋನು, ಅವಳದೇ ಸ್ವಲ್ಪ ನಗದು. ಆಧಾರ್ ಮತ್ತು ಹತ್ತನೇ ತರಗತಿ ಅಂಕಪಟ್ಟಿಯ ಪ್ರತಿ, ಎರಡು ಲಗ್ನಪತ್ರಿಕೆ. ಮದುವೆ ನೋಂದಣಿಗೆ ಲಗ್ನಪತ್ರಿಕೆ, ಇಬ್ಬರೂ ಇರುವ ಫೋಟೊ ಕೇಳುತ್ತಾರೆ. ಸಹಿ ಆದ ಆ ಉಡುಗೊರೆ ಪಟ್ಟಿಯನ್ನು ಕವರಿನಲ್ಲಿ ಹಾಕಿ ಬ್ಯಾಗಿನ ಒಳಗಿನ ಜೇಬಿನಲ್ಲಿ ಇಡಿ. ಫೋಟೊ ತೆಗೆದು ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ. ಬ್ಯಾಗನ್ನು ಕಾರಿನ ಡಿಕ್ಕಿಗೆ ಹಾಕಬೇಡಿ. ಅವಳ ಕೈಗೇ ಕೊಡಿ, ಜೇಬು ಯಾವುದು ಅಂತ ತೋರಿಸಿ ಬಾಗಿಲು ಹಾಕಿ.