ರಾಶಿ ವಿಡಿಯೊಗಳಿಗೆ ಕನ್ನಡ ಸಬ್‌ಟೈಟಲ್ ಬರ್ನ್ ಮಾಡಿದ್ದು ಹೀಗೆ

ನಮ್ಮಕ್ಕ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ನಾಸಾ ವಿಡಿಯೊಗಳನ್ನು ಕ್ಲಾಸಿನಲ್ಲಿ ತೋರಿಸುತ್ತಾಳೆ. ಅದರಲ್ಲಿನ ಇಂಗ್ಲಿಷ್ ಮಾತು ಮಕ್ಕಳಿಗೆ ಸಿಗುವುದಿಲ್ಲ, ಅದಕ್ಕೆ ತಾನೇ ಕನ್ನಡ ಸಬ್‌ಟೈಟಲ್ ಬರೆಯುತ್ತಾಳೆ. ಅದನ್ನು ವಿಡಿಯೊದೊಳಗೇ ಕೂರಿಸಿ ಕೊಡುವ ಕೆಲಸ ನನ್ನದು.

ಎಸ್ಆರ್‌ಟಿ ಫೈಲ್ (ಸಬ್‌ಟೈಟಲ್ ಸಾಲುಗಳು, ಅವು ಬರಬೇಕಾದ ಸಮಯ ಇರುವ ಟೆಕ್ಸ್ಟ್ ಫೈಲ್) ವಿಡಿಯೊ ಪಕ್ಕದಲ್ಲಿಟ್ಟರೆ ಸಾಕಲ್ವಾ? ಲ್ಯಾಪ್‌ಟಾಪಿನಲ್ಲಿ ಸಾಕು. ಆದರೆ ಶಾಲೆಯಲ್ಲಿ ಪೆನ್‌ಡ್ರೈವನ್ನು ನೇರ ಪ್ರೊಜೆಕ್ಟರಿಗೇ ಹಾಕುತ್ತಾರೆ, ಅದರೊಳಗಿನ ಪ್ಲೇಯರಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ‘ನಕ್ಷತ್ರ’ ಅಂತ ಬರೆದದ್ದು ಪರದೆ ಮೇಲೆ ‘ನಕ್‌ಷತ್‌ರ’ ಆಗಿ ಕಾಣುತ್ತದೆ. ಬರ್ನ್ ಮಾಡಿದರೆ ಅಕ್ಷರವೂ ಚಿತ್ರದ ಭಾಗವೇ ಆಗಿಬಿಡುತ್ತದೆ, ಆಮೇಲೆ ಯಾವ ಪ್ಲೇಯರ್ ಆದರೂ ಚಿಂತೆಯಿಲ್ಲ.

ಒಂದೆರಡು ಫೈಲ್ ಇದ್ದರೆ ವಿಡಿಯೊ ಕನ್ವರ್ಟ್ ಮಾಡುವ ಉಚಿತ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್ ಸಾಕು. ಎಸ್ಆರ್‌ಟಿ ಸೇರಿಸಿ ‘ಬರ್ನ್ ಇನ್’ ಟಿಕ್ ಮಾಡಿದರೆ ಆಯಿತು. ಫೋಲ್ಡರ್ ತುಂಬ ಇದ್ದರೆ ಒಂದೊಂದಕ್ಕೂ ಅದನ್ನೇ ಮಾಡುತ್ತಾ ಕೂರಬೇಕು, ನನಗೆ ಅಷ್ಟು ತಾಳ್ಮೆಯಿಲ್ಲ. ಹಾಗಾಗಿ ಕಮಾಂಡ್ ಬರೆದು ಓಡಿಸುವ ವಿಡಿಯೊ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್ ಹಿಡಿದೆ. ವಿಂಡೋಸಿನಲ್ಲಿ ಒಂದು ಸಣ್ಣ ಬ್ಯಾಚ್ ಫೈಲ್ (ಕಮಾಂಡುಗಳ ಪಟ್ಟಿ) ಬರೆದುಕೊಂಡರೆ ಅದು ಫೋಲ್ಡರಿನ ಪ್ರತಿ ವಿಡಿಯೊ ತೆಗೆದುಕೊಂಡು, ಅದೇ ಹೆಸರಿನ ಎಸ್ಆರ್‌ಟಿ ಹುಡುಕಿ, ಸಬ್‌ಟೈಟಲ್ಸ್ ಫಿಲ್ಟರಿಗೆ (ಅಕ್ಷರವನ್ನು ಚಿತ್ರದ ಮೇಲೆ ಬರೆಯುವ ಭಾಗ) ಕೊಟ್ಟು, ಬೇರೆ ಫೋಲ್ಡರಿಗೆ ಎಂಪಿ4 ಇಳಿಸುತ್ತದೆ. ಬ್ಯಾಚ್ ಫೈಲನ್ನು ವಿಡಿಯೊಗಳಿರುವ ಫೋಲ್ಡರಿನಲ್ಲೇ ಇಟ್ಟು ಓಡಿಸಿ. ಪೂರ್ತಿ ಪಾತ್ (ಡ್ರೈವ್, ಫೋಲ್ಡರ್ ಸಮೇತ ಫೈಲಿನ ವಿಳಾಸ) ಕೊಟ್ಟರೆ ಡ್ರೈವ್ ಅಕ್ಷರದ ಮುಂದಿನ ಕೋಲನ್ ನೋಡಿ ಈ ಫಿಲ್ಟರ್ ಗೊಂದಲಕ್ಕೆ ಬೀಳುತ್ತದೆ. ಫೈಲ್ ಹೆಸರಿನಲ್ಲಿ ಅಪಾಸ್ಟ್ರಫಿ ಇದ್ದರೂ ಅದೇ ಕಥೆ, ಮೊದಲೇ ಹೆಸರು ಬದಲಿಸಿಬಿಡಿ.

ನಿಜವಾದ ಕೆಲಸ ಇರುವುದು ಎಸ್ಆರ್‌ಟಿ ಫೈಲುಗಳಲ್ಲಿ. ಅಕ್ಕನ ಜೊತೆಯ ಕೆಲವರು ಇನ್ನೂ ನುಡಿ ತಂತ್ರಾಂಶದ ಹಳೆ ಆಸ್ಕಿ ಫಾಂಟಿನಲ್ಲೇ (ರೋಮನ್ ಅಕ್ಷರಗಳ ಕೋಡಿಗೇ ಕನ್ನಡದ ರೂಪ ಕೊಡುವ ಫಾಂಟ್) ಟೈಪ್ ಮಾಡುತ್ತಾರೆ. ಅದನ್ನು ಹಾಗೇ ಕೊಟ್ಟರೆ ಪರದೆ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಕನ್ವರ್ಟರಿನಲ್ಲಿ ಯೂನಿಕೋಡ್ ಮಾಡಿ, ಯುಟಿಎಫ್-8ರಲ್ಲಿ ಸೇವ್ ಮಾಡಲೇಬೇಕು. ಫಾಂಟ್ ನೊಟೊ ಸಾನ್ಸ್ ಕನ್ನಡ ಅಂತ ನಾನೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಸಿಸ್ಟಮ್ ತನಗೆ ಸಿಕ್ಕ ಫಾಂಟ್ ಎತ್ತಿಕೊಳ್ಳುತ್ತದೆ, ಅಕ್ಕನ ಲ್ಯಾಪ್‌ಟಾಪಿನಲ್ಲಿ ಒಂಥರಾ, ನನ್ನದರಲ್ಲಿ ಇನ್ನೊಂಥರಾ. ಅಕ್ಷರ ಬರೆಯುವ ಕೆಲಸ ಲಿಬಾಸ್ ಎಂಬ ಲೈಬ್ರರಿಯದು, ಒತ್ತು ಕೂರಿಸುವುದು ಹಾರ್ಫ್‌ಬಜ್. ಇವೆರಡೂ ಸೇರಿರುವ ಎಫ್‌ಎಫ್‌ಎಂಪೆಗ್ ಆವೃತ್ತಿಯನ್ನೇ ಇಳಿಸಿಕೊಳ್ಳಿ.

ಫಾಂಟ್ ಸೈಜ್ ಬಗ್ಗೆ ಒಂದು ಮಾತು. ಎಸ್ಆರ್‌ಟಿ ಕೊಟ್ಟಾಗ ಎಫ್‌ಎಫ್‌ಎಂಪೆಗ್ ಪರದೆಯ ಎತ್ತರ 288 ಅಂತ ಇಟ್ಟುಕೊಂಡೇ ಲೆಕ್ಕ ಹಾಕುತ್ತದೆ, ವಿಡಿಯೊ 720 ಇರಲಿ 1080 ಇರಲಿ. ಅಂದರೆ ಸೈಜ್ 24 ಕೊಟ್ಟರೆ ಎತ್ತರದ ಹನ್ನೆರಡರಲ್ಲಿ ಒಂದು ಭಾಗ. ಇದು ಗೊತ್ತಿಲ್ಲದೆ 48 ಕೊಟ್ಟರೆ ಮೂರು ಸಾಲಿಗೇ ಅರ್ಧ ಪರದೆ ಅಕ್ಷರವೇ. ವಿಡಿಯೊ ಸೈಜ್ ಇಳಿಸುವುದಿದ್ದರೆ ಮೊದಲು ಸ್ಕೇಲ್ (ಅಳತೆ ಬದಲಿಸುವ ಫಿಲ್ಟರ್), ಆಮೇಲೆ ಸಬ್‌ಟೈಟಲ್. ಉಲ್ಟಾ ಮಾಡಿದರೆ ಅಕ್ಷರವೂ ಜೊತೆಗೇ ಕುಗ್ಗಿ, ಒತ್ತುಗಳು ಮಸುಕಾಗುತ್ತವೆ.

ಕ್ವಾಲಿಟಿಗೆ ಎಕ್ಸ್264 ಎನ್‌ಕೋಡರ್ (ವಿಡಿಯೊವನ್ನು ಒತ್ತಿ ಚಿಕ್ಕದಾಗಿಸುವ ಭಾಗ), ಅದರ ಕ್ವಾಲಿಟಿ ನಂಬರ್ ಸಿಆರ್‌ಎಫ್ 20. ಡಿಫಾಲ್ಟ್ 23 ಕೂಡ ಪರವಾಗಿಲ್ಲ, ನಂಬರ್ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಆಡಿಯೊ ಎಎಸಿ ಫಾರ್ಮ್ಯಾಟಿನಲ್ಲಿ ಇದ್ದರೆ ಸುಮ್ನೆ ಕಾಪಿ, ಅದನ್ನು ಮತ್ತೆ ಎನ್‌ಕೋಡ್ ಮಾಡಿ ಏನೂ ಲಾಭವಿಲ್ಲ. ಪಿಕ್ಸೆಲ್ ಫಾರ್ಮ್ಯಾಟ್ (ಬಣ್ಣ ದಾಖಲಿಸುವ ರೀತಿ) 8 ಬಿಟ್‌ನದೇ ಇರಲಿ, 10 ಬಿಟ್‌ನ ಎಚ್264 ವಿಡಿಯೊವನ್ನು ಎಷ್ಟೋ ಟಿವಿ, ಪ್ರೊಜೆಕ್ಟರುಗಳು ಓಡಿಸುವುದೇ ಇಲ್ಲ. ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ಹಾಕಿದರೆ ಬೇಗ ಮುಗಿಯುತ್ತದೆ, ಅಷ್ಟೇ ಕ್ವಾಲಿಟಿಗೆ ಫೈಲ್ ಮಾತ್ರ ಜಾಸ್ತಿ ದೊಡ್ಡದು. ರಾತ್ರಿ ಹಾಕಿ ಮಲಗುವವನಿಗೆ ಅವಸರ ಯಾಕೆ?

ಎಲ್ಲವನ್ನೂ ಓಡಿಸುವ ಮೊದಲು ಒಂದರ ತುಣುಕು ತೆಗೆದು ನೋಡುತ್ತೇನೆ. ನಡುವಿನಿಂದ ಕತ್ತರಿಸುವಾಗ ಶುರುವಿನ ಸಮಯವನ್ನು ಇನ್‌ಪುಟ್ ಫೈಲಿನ ಹೆಸರಾದ ಮೇಲೆ ಕೊಡಬೇಕು. ಮುಂಚೆ ಕೊಟ್ಟರೆ ಗಡಿಯಾರ ಸೊನ್ನೆಯಿಂದ ಶುರುವಾಗಿ, ಮೊದಲ ನಿಮಿಷದ ಮಾತು ಹತ್ತನೇ ನಿಮಿಷದ ಚಿತ್ರದ ಮೇಲೆ ಬಂದು ಕೂರುತ್ತದೆ. ಆಗ ಎಸ್ಆರ್‌ಟಿಯೇ ತಪ್ಪು ಅಂದುಕೊಂಡು ತಿದ್ದಲು ಹೋಗಬೇಡಿ.

ಬರ್ನ್ ಆದದ್ದನ್ನು ಅಳಿಸಲು ಆಗುವುದಿಲ್ಲ, ಮೂಲ ವಿಡಿಯೊ ಮತ್ತು ಎಸ್ಆರ್‌ಟಿ ಎರಡನ್ನೂ ಇಟ್ಟುಕೊಂಡಿರಿ. ಔಟ್‌ಪುಟ್ ಈಗಾಗಲೇ ಇದ್ದರೆ ಬಿಟ್ಟು ಮುಂದೆ ಹೋಗು ಅಂತ ಬ್ಯಾಚ್ ಫೈಲಿನಲ್ಲಿ ಒಂದು ಸಾಲು ಹಾಕಿದ್ದೇನೆ. ಅಕ್ಕ ಕಾಗುಣಿತ ತಪ್ಪು ಹಿಡಿದು ಫೋನ್ ಮಾಡಿದರೆ, ಎಸ್ಆರ್‌ಟಿ ತಿದ್ದಿ, ಆ ಒಂದು ಎಂಪಿ4 ಡಿಲೀಟ್ ಮಾಡಿ, ಮತ್ತೆ ಡಬಲ್ ಕ್ಲಿಕ್ ಮಾಡುತ್ತೇನೆ. ಅದೊಂದೇ ಹೊಸದಾಗಿ ತಯಾರಾಗುತ್ತದೆ.